‘ಸಂಪರ್ಕ’ವೋ ‘ಸಾಹಚರ್ಯ’ವೋ? — ಮಸ್ತಿಷ್ಕಶಾಸ್ತ್ರದ ಒಂದು ಪರಿಭಾಷೆಯ ವಿಮರ್ಶೆ

ಅನ್ಯಶಾಸ್ತ್ರದಿಂದ ಬಂದ ಅರ್ಥಕ್ಕೆ ಕನ್ನಡದಲ್ಲಿ ಹೆಸರಿಡುವಾಗ ಹೆಸರು ಅರ್ಥವನ್ನು ಹೊರಬೇಕೇ ಹೊರತು ನುಂಗಬಾರದು. ‘ಫಂಕ್ಷನಲ್ ಕನೆಕ್ಟಿವಿಟಿ’ ಎಂಬ ಇಂಗ್ಲಿಷ್ ಸಂಜ್ಞೆಯನ್ನು ‘ಕ್ರಿಯಾತ್ಮಕ ಸಂಪರ್ಕ’ವೆಂದು ಕನ್ನಡಿಸುವುದು ಯಾರಿಗಾದರೂ ಒಡನೆ ತೋರುವ ಮಾರ್ಗ. ಈ ಮಾರ್ಗವು ಸಾಧುವಲ್ಲವೆಂಬುದೇ ಪ್ರಕೃತ ಲೇಖನದ ಪ್ರತಿಜ್ಞೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. 1990ರಲ್ಲಿ ಸೇಯ್ಜಿ ಒಗಾವಾ ಮೊದಲಾದವರು, ರಕ್ತದಲ್ಲಿನ ಆಮ್ಲಜನಕದ ಹೆಚ್ಚುಕಡಮೆಯನ್ನು ಎಂ.ಆರ್.ಐ. ಯಂತ್ರದಿಂದ ಗುರುತಿಸಬಹುದೆಂದು ತೋರಿಸಿದರು. 1995ರಲ್ಲಿ ಭರತ್ ಬಿಸ್ವಾಲ್ ಮೊದಲಾದವರು, ಏನನ್ನೂ ಮಾಡದೆ ಸುಮ್ಮನೆ ಮಲಗಿರುವವರ ಮೆದುಳಿನಲ್ಲಿಯೂ ಕೈಕಾಲುಗಳ ಚಲನೆಯನ್ನು ನಡೆಸುವ ಎಡಬಲ ಭಾಗಗಳ ಏರಿಳಿತಗಳು ಜೊತೆಜೊತೆಯಾಗಿಯೇ ನಡೆಯುವುವೆಂದು ಕಂಡರು. ದೂರದೂರದ ಎರಡು ಭಾಗಗಳ ವ್ಯಾಪಾರವು ಕಾಲಕ್ರಮದಲ್ಲಿ ಹೀಗೆ ಒಂದಕ್ಕೊಂದು ಹೊಂದಿಕೊಂಡಿರುವುದಕ್ಕೇ ಕಾರ್ಲ್ ಫ್ರಿಸ್ಟನ್ ಮೇಲ್ಕಂಡ ಸಂಜ್ಞೆಯ ಲಕ್ಷಣವನ್ನು ಹೇಳಿದರು. ಲಕ್ಷಣದಲ್ಲಿ ಹೊಂದಾಣಿಕೆಯ ಮಾತಿದೆಯೇ ಹೊರತು ನಡುವಣ ದಾರದ ಮಾತಿಲ್ಲ.

ನಮ್ಮ ನಾಡಿನ ನೀರಿನಿಂದಲೇ ಇದು ವಿಶದವಾಗುವುದು. ಆಳಂದದ ಸೀಮೆಯ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವುದು. ಭೀಮೆಯು ಮುಂದೆ ಜೇವರ್ಗಿಯ ಸೀಮೆಗೆ ಹರಿಯುವುದು. ಆಳಂದದಲ್ಲಿಯೂ ಜೇವರ್ಗಿಯಲ್ಲಿಯೂ ಒಮ್ಮೆಗೇ ನೀರು ಏರಿತೆಂದು ಕೇಳಿದವನು, ಮೇಲಿನ ನೀರು ಕೆಳಗೆ ಹರಿದು ಬಂದಿತೆಂದು ಊಹಿಸಬಹುದು. ಆದರೆ ಒಂದೇ ಮಳೆ ಎರಡೂ ಕಡೆ ಸುರಿದಿದ್ದರೂ ಹಾಗೆಯೇ ಆಗುವುದಷ್ಟೆ. ಏರಿಳಿತದ ಲೆಕ್ಕವೊಂದನ್ನೇ ಹಿಡಿದವನಿಗೆ ಕಾಲುವೆಯ ಇರವು ಸಿದ್ಧಿಸದು. ಮೆದುಳಿನಲ್ಲಿಯೂ ಹೀಗೆಯೇ. ಎಡಬಲ ಗೋಳಾರ್ಧಗಳನ್ನು ಕೂಡಿಸುವ ಮಹಾತಂತುಸೇತುವು ಹುಟ್ಟಿನಿಂದಲೇ ಇಲ್ಲದವರಲ್ಲಿಯೂ ಉಭಯಪಾರ್ಶ್ವಗಳ ಹೊಂದಾಣಿಕೆಯು ಉಳಿದಿರಬಲ್ಲುದೆಂದು 2011ರಲ್ಲಿ ಟಿಸ್ಕಾ ಮೊದಲಾದವರು ಪ್ರಕಟಿಸಿದರು.

ಆದುದರಿಂದ ಮೂರು ಅರ್ಥಗಳಿಗೆ ಮೂರು ಪದಗಳು ಬೇಕು. ನರತಂತುಗಳ ಕೂಡುವಿಕೆಯು ‘ತಂತುಸಂಯೋಗ’. ಒಂದು ಭಾಗವು ಇನ್ನೊಂದನ್ನು ನಡೆಸುವುದು ‘ಪ್ರಯೋಜ್ಯಪ್ರಯೋಜಕಭಾವ’. ಜೊತೆಯಾಗಿ ಏರಿಳಿಯುವುದು ‘ವ್ಯಾಪಾರಸಾಹಚರ್ಯ’. ‘ಸಂಪರ್ಕ’ವೆಂಬ ಪದವು ಸ್ಪರ್ಶವನ್ನು ಧ್ವನಿಸುವುದರಿಂದ ಮೊದಲನೆಯದಕ್ಕೆ ಮಾತ್ರ ಸಲ್ಲುವುದು. ಮೂರನೆಯದಕ್ಕೆ ಅದನ್ನು ಹಚ್ಚಿದರೆ ಅತಿವ್ಯಾಪ್ತಿದೋಷವು ತಪ್ಪದು.

ನೈಯಾಯಿಕರು ‘ವ್ಯಾಪ್ತಿ’ಯೆಂದೇಕೆ ಹೇಳಬಾರದೆಂದು ಕೇಳಬಹುದು. ವ್ಯಾಪ್ತಿಯು ವ್ಯಭಿಚಾರವನ್ನು ಸಹಿಸದು. ಇಲ್ಲಿಯದೋ ತರತಮವುಳ್ಳ ಹೊಂದಾಣಿಕೆ. ಒಂದು ಏರುವಾಗ ಇನ್ನೊಂದು ಇಳಿಯುವ ಪ್ರಸಂಗಗಳೂ ಉಂಟಲ್ಲ, ಅವನ್ನು ‘ವ್ಯತಿರೇಕ’ವೆನ್ನೋಣವೇ ಎಂದರೆ ಅದೂ ಕೂಡದು, ಒಂದಿಲ್ಲದೆಡೆ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ವಿಪರೀತವಾದ ಏರಿಳಿತಕ್ಕೆ ‘ಪ್ರತಿಸಾಹಚರ್ಯ’ವೆಂಬುದು ಸಾಕು.

ರೋಗದ ವಿಷಯಕ್ಕೆ ಬಂದರೆ ಈ ವಿವೇಕವು ಮತ್ತಷ್ಟು ಅವಶ್ಯಕ. ಮೆದುಳಿನ ಒಂದೆಡೆ ಪೆಟ್ಟಾದರೆ ದೂರದ ಅಕ್ಷತಭಾಗವೂ ಮಂಕಾಗಬಹುದೆಂಬ ವಿಚಾರವನ್ನು ವಾನ್ ಮೊನಾಕೋವ್ 1914ರಲ್ಲಿಯೇ ಪ್ರತಿಪಾದಿಸಿದ್ದರು. ಆಲ್‌ಝೈಮರ್ ವ್ಯಾಧಿಯುಳ್ಳವರಲ್ಲಿ, ವಿಶ್ರಾಂತಿಕಾಲದಲ್ಲಿ ಜಾಗೃತವಾಗಿರುವ ಭಾಗಸಮೂಹದ ಸಾಹಚರ್ಯವು ಕುಗ್ಗಿರುವುದನ್ನು 2004ರಲ್ಲಿ ಗ್ರೇಸಿಯಸ್ ಮೊದಲಾದವರು ವರದಿಮಾಡಿದರು. ಇವು ಬೆಲೆಯುಳ್ಳ ಸಂಗತಿಗಳು. ಆದರೆ ಉಪಾಧಿಯ ಶಂಕೆಯನ್ನು ಮರೆಯಲಾಗದು. ಬೆಂಕಿಯನ್ನು ಕಂಡು ಹೊಗೆಯನ್ನು ಅನುಮಾನಿಸುವವನಿಗೆ ಹಸಿಯ ಸೌದೆಯು ಉಪಾಧಿಯಾಗುವಂತೆ, ಇಲ್ಲಿ ರೋಗಿಯ ತಲೆಯ ಅಲುಗಾಟವು ಉಪಾಧಿ. ಯಂತ್ರದೊಳಗೆ ತಲೆಯು ಕೊಂಚವೇ ಅಲುಗಿದರೂ ಸಮೀಪಭಾಗಗಳ ಸಾಹಚರ್ಯವು ಹೆಚ್ಚಾಗಿಯೂ ದೂರಭಾಗಗಳದು ಕಡಮೆಯಾಗಿಯೂ ತೋರುವುದೆಂದು 2012ರಲ್ಲಿ ಪವರ್ ಮೊದಲಾದವರು ತೋರಿಸಿಕೊಟ್ಟರು. ಬಾಲಕರೂ ರೋಗಿಗಳೂ ಹೆಚ್ಚಾಗಿ ಅಲುಗುವವರಾದ ಕಾರಣ, ರೋಗದ ಕುರುಹೆಂದು ಕಂಡುದು ಅಲುಗಾಟದ ಕುರುಹೇ ಆಗಿರಬಹುದು. ‘ಸಾಹಚರ್ಯ’ವೆಂಬ ಪದವನ್ನು ಕೇಳಿದ ತರ್ಕಜ್ಞನು ಉಪಾಧಿಯನ್ನು ಹುಡುಕದೆ ಬಿಡನು, ‘ಸಂಪರ್ಕ’ವೆಂಬ ಪದವು ಆ ಪ್ರಶ್ನೆಗೆ ಎಡೆಯನ್ನೇ ಕೊಡದು.

ಇದು ಕೇವಲ ಶಬ್ದಕಲಹವೆಂದು ಯಾರೂ ಭಾವಿಸಬಾರದು. ಗಾಣಗಾಪುರದ ದತ್ತಕ್ಷೇತ್ರಕ್ಕೆ, ಚಿತ್ತವಿಕಾರದಿಂದ ಬಳಲುವ ಮಗನನ್ನೋ ಸೊಸೆಯನ್ನೋ ಕರೆತರುವ ಕುಟುಂಬಗಳು ಬಹಳ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದದ ಕಡಗಂಚಿಯಲ್ಲಿ ವಿದ್ಯಾದಾನ ಮಾಡುತ್ತಿರುವುದೂ ಇದೇ ನಾಡಿನಲ್ಲಿ. ವಿದ್ಯಾಪೀಠದ ಮಾತು ಮನೆಯ ಮಾತಾಗುವುದಕ್ಕೆ ಇಲ್ಲಿ ಬಹುದೂರವಿಲ್ಲ. ‘ಮೆದುಳಿನ ಸಂಪರ್ಕವು ಕಡಿದಿದೆ’ ಎಂಬ ವಾಕ್ಯವನ್ನು ಕೇಳಿದ ತಾಯಿಯು, ಕಡಿದ ತಂತಿಯನ್ನು ಕಟ್ಟುವವರಾರೆಂದು ಚಿಕಿತ್ಸೆಯ ಆಸೆಯನ್ನೇ ಬಿಟ್ಟಾಳು. ‘ಜೊತೆಗೂಡಿ ನಡೆಯುವುದು ಕುಗ್ಗಿದೆ’ ಎಂದರೆ ಅದು ಹೆಚ್ಚೀತು, ಕುಗ್ಗೀತು ಎಂಬ ಅರ್ಥವೂ ಅವಳಿಗೆ ಸಿಕ್ಕೀತು. ಮೇಲಾಗಿ ಈ ಅಳತೆಗಳು ಬಹುಮಟ್ಟಿಗೆ ಗುಂಪುಗುಂಪುಗಳ ಸರಾಸರಿಯನ್ನು ಹೇಳತಕ್ಕವು. ಮುಂದೆ ಕುಳಿತ ಒಬ್ಬ ರೋಗಿಯ ಮನೋವ್ಯಾಧಿಯನ್ನು ನಿರ್ಣಯಿಸಲು ವೈದ್ಯರು ವಾಡಿಕೆಯಲ್ಲಿ ಇವನ್ನು ಬಳಸುವುದಿಲ್ಲ. ಈ ಮಾತನ್ನೂ ಪಾಠಹೇಳುವವರು ಕೂಡಿಸಿಯೇ ಹೇಳತಕ್ಕುದು.

‘ವ್ಯಾಪಾರ’ವೆಂದರೆ ಲೋಕದಲ್ಲಿ ಕೊಡುಕೊಳುವಿಕೆಯೆಂಬ ಅರ್ಥವು ಬಲವಾಗಿದೆಯೆಂಬ ಆಕ್ಷೇಪವು ನ್ಯಾಯವಾದುದೇ. ಶಾಸ್ತ್ರಗ್ರಂಥದಲ್ಲಿ ಪ್ರಕರಣಬಲದಿಂದ ಅದು ನಿವಾರಣೆಯಾಗುವುದು. ಸಾಮಾನ್ಯರಿಗೆ ಬರೆಯುವಾಗ ‘ಜೊತೆನಡೆ’ ಎಂಬ ಅಚ್ಚಗನ್ನಡವನ್ನೇ ಬಳಸಬಹುದು. ಎರಡರಲ್ಲಿ ಯಾವುದು ನಿಂತರೂ ಚಿಂತೆಯಿಲ್ಲ. ಕಂಡದ್ದನ್ನು ಮಾತ್ರ ಹೇಳುವ ಪದವು ನಿಲ್ಲಲಿ. ವಿದ್ವಾಂಸರೂ ಅಧ್ಯಾಪಕರೂ ಈ ಸೂಚನೆಯನ್ನು ಪರಾಮರ್ಶಿಸಿ, ಇದಕ್ಕಿಂತ ಮೇಲಾದ ಪದವು ತೋರಿದಲ್ಲಿ ಈ ಪತ್ರಿಕೆಯಲ್ಲಿಯೇ ತಿಳಿಸಬೇಕಾಗಿ ಪ್ರಾರ್ಥನೆ.