ಪರಂಪರೆಯ ಮೌಲ್ಯವೂ ವಿದ್ಯಾಲಯದ ಕಟ್ಟಡವೂ: ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಕುರಿತು

ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಕುರಿತು ನಾವು ಕಂಡ ಬರೆಹಗಳಲ್ಲಿ ಬಹುಪಾಲು ಅದರ ವರ್ಣಚಿತ್ರಗಳ ಪ್ರಶಂಸೆಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ವ್ಯಾಟಿಕನ್ನಿನ ಸಿಸ್ಟೈನ್ ಮಂದಿರದೊಡನೆ ಹೋಲಿಕೆಯಂತೂ ತಪ್ಪದೆ ಬರುತ್ತದೆ. ಚಿತ್ರಗಳು ಪ್ರಶಂಸಾರ್ಹವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಚಿತ್ರಗಳನ್ನು ಹೊತ್ತಿರುವ ಮಂದಿರ, ಮಂದಿರವನ್ನು ಒಳಗೊಂಡಿರುವ ವಿದ್ಯಾಲಯ, ಇವುಗಳ ಮೌಲ್ಯವೇನೆಂಬ ಪ್ರಶ್ನೆಯನ್ನು ಈ ಬರೆಹಗಳು ಎತ್ತಿಕೊಳ್ಳುವುದಿಲ್ಲ. ಅದನ್ನು ಇಲ್ಲಿ ಸ್ವಲ್ಪಮಟ್ಟಿಗೆ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಚರಿತ್ರೆಯ ಸಂಗತಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಕೆನರಾದ ಕೊಂಕಣಿ ಕ್ಯಾಥೊಲಿಕರಲ್ಲಿ ಬದುಕುಳಿದವರು 1799ರ ತರುವಾಯ ಊರಿಗೆ ಮರಳಿದರು. ಅವರ ಇಗರ್ಜಿಗಳಲ್ಲಿ ಹಲವು ಆ ವೇಳೆಗೆ ನೆಲಸಮವಾಗಿದ್ದುವು. ಕಳೆದುಕೊಂಡ ಭೂಮಿಯನ್ನೂ ಇಗರ್ಜಿಗಳನ್ನೂ ಮತ್ತೆ ಕಟ್ಟಿಕೊಂಡ ಈ ಸಮಾಜಕ್ಕೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಳಿದಿದ್ದ ಕೊರತೆ ಉಚ್ಚ ವಿದ್ಯೆಯದು. ಬಾಸೆಲ್ ಮಿಷನ್ನಿನವರು 1834ರಲ್ಲಿಯೇ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. 1878ರ ಕೊನೆಯಲ್ಲಿ ಇಟಲಿಯ ಯೇಸುಸಭೆಯ ಗುರುಗಳು ಬಂದಿಳಿದರು; 1880ರ ಜನವರಿಯಲ್ಲಿ ಕಾಲೇಜು ಆರಂಭವಾಯಿತು. ಗುಡ್ಡದ ಮೇಲಿನ ಕಟ್ಟಡವೂ ಪ್ರಾರ್ಥನಾಮಂದಿರವೂ ಅದೇ ದಶಕದಲ್ಲಿ ಎದ್ದುವು. ಊರಿಗೆ ಮರಳಿ ಒಂದು ಶತಮಾನವೂ ತುಂಬದ ಜನಸಮುದಾಯವೊಂದು ತನ್ನ ಊರಿನ ಎತ್ತರದ ನೆಲದಲ್ಲಿ ವಿದ್ಯಾಲಯವನ್ನು ನಿಲ್ಲಿಸಿತೆಂಬುದು ಇದರ ಅರ್ಥ. ಈ ಅರ್ಥ ಚಿತ್ರಗಳಲ್ಲಿಲ್ಲ; ಕಟ್ಟಡದಲ್ಲಿದೆ.

ಇನ್ನು ಸಿಸ್ಟೈನ್ ಮಂದಿರದ ಹೋಲಿಕೆ. ಮೈಕೆಲಾಂಜೆಲೊ ಆ ಮಂದಿರದ ಛಾವಣಿಯನ್ನು 1508ರಿಂದ 1512ರವರೆಗೆ ಚಿತ್ರಿಸಿದ್ದು ಪೋಪನ ಅಪ್ಪಣೆಯಂತೆ, ಪೋಪನ ಆಸ್ಥಾನಕ್ಕೆ. ಬೆರ್ಗಮೊ ಸೀಮೆಯಲ್ಲಿ 1854ರಲ್ಲಿ ಹುಟ್ಟಿ, ಮೂವತ್ತೈದರ ವಯಸ್ಸಿನಲ್ಲಿ ಯೇಸುಸಭೆಯನ್ನು ಸೇರಿದ ಬ್ರದರ್ ಆಂಟೋನಿಯೊ ಮೊಸ್ಕೇನಿ ಮಂಗಳೂರಿನಲ್ಲಿ 1899ರಿಂದ ಸುಮಾರು ಎರಡು ವರ್ಷ ದುಡಿದದ್ದು ಕಾಲೇಜಿನ ಹುಡುಗರಿಗಾಗಿ. ಛಾವಣಿಯ ನಡುಸಾಲಿನಲ್ಲಿ ಅವರು ಚಿತ್ರಿಸಿದ್ದು ಅಲೋಶಿಯಸ್ ಗೊನ್ಜಾಗನ ಜೀವನ. 1568ರಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿ, ಹಿರಿಯ ಮಗನಿಗೆ ಸಲ್ಲುವ ಹಕ್ಕನ್ನು ತೊರೆದು, ರೋಮಿನಲ್ಲಿ ಓದುತ್ತಿದ್ದಾಗ ಪ್ಲೇಗಿನ ರೋಗಿಗಳ ಶುಶ್ರೂಷೆಗೆ ಹೋಗಿ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ತೀರಿಕೊಂಡ ವಿದ್ಯಾರ್ಥಿ ಆತ. ಪ್ರತಿದಿನ ಪಾಠಕ್ಕೆ ಮುನ್ನ ತಲೆಯೆತ್ತಿ ನೋಡುವವನು ತನ್ನ ವಯಸ್ಸಿನವನನ್ನೇ ಅಲ್ಲಿ ಕಾಣಲಿ ಎಂಬುದು ಉದ್ದೇಶವೆಂದು ನಾವು ಭಾವಿಸುತ್ತೇವೆ. ಹಿಂಬದಿಯ ಗೋಡೆಯಲ್ಲಿ ಮಕ್ಕಳ ನಡುವೆ ಕ್ರಿಸ್ತನನ್ನು ಚಿತ್ರಿಸಿರುವುದೂ ಇದಕ್ಕೆ ಪೋಷಕ. ಈ ಚಿತ್ರಮಾಲೆಯನ್ನು ವಿದ್ಯಾಲಯದಿಂದ ಬಿಡಿಸಿ ವಸ್ತುಸಂಗ್ರಹಾಲಯಕ್ಕೆ ಒಯ್ದರೆ ಬಣ್ಣಗಾರಿಕೆ ಉಳಿದೀತು, ತಾತ್ಪರ್ಯ ಉಳಿಯಲಾರದು. ಹೋಲಿಕೆ ಗೌರವಕ್ಕಾಗಿ ಹೇಳಿದ್ದೇ ಹೌದು. ಆದರೆ ಅದು ಇಲ್ಲಿನ ವಿಶೇಷವನ್ನೇ ಮರೆಮಾಡುತ್ತದೆ. ಮೊಸ್ಕೇನಿಯವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರನ್ನು ಮತ್ತೊಬ್ಬರ ನೆರಳಿನಲ್ಲಿ ನಿಲ್ಲಿಸುವುದರಿಂದ ಅವರಿಗೂ ನ್ಯಾಯ ಸಲ್ಲುವುದಿಲ್ಲ.

ಮೌಲ್ಯವನ್ನು ಚಿತ್ರಕ್ಕಷ್ಟೇ ಕಟ್ಟಿದರೆ ವ್ಯಾವಹಾರಿಕವಾದ ಹಾನಿಯೂ ಉಂಟು. ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು. ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚಿದಾಗ ಗಾರೆ ಒಣಗಿ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹೀಗಾಗಿ ಚಿತ್ರವೆಂಬುದೇ ಗೋಡೆಯ ಒಂದು ಪದರ. ಛಾವಣಿಯಲ್ಲಿರುವುವು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರಗಳು. ಅವುಗಳ ಕ್ಷೇಮ ಮೇಲಿನ ಮಾಡನ್ನು ಅವಲಂಬಿಸಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕರಾವಳಿ ಇದು. ಈ ಸೀಮೆಯ ಹಳೆಯ ಗೋಡೆಗಳಿಗೆ ಬಳಸಿದ ಮುರಕಲ್ಲು ನೀರನ್ನು ಹೀರಿಕೊಳ್ಳುವಂಥದು. ಸುಣ್ಣದ ಗಾರೆಯಿದ್ದಲ್ಲಿ ಹೀರಿದ ನೀರು ಬೇಸಗೆಯಲ್ಲಿ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು, ಉಪ್ಪು ಮೇಲೆದ್ದು, ಗಾರೆ ಉದುರುತ್ತದೆ. ಬೇರೆ ಊರುಗಳ ಹಳೆಯ ಶಾಲೆಗಳಲ್ಲಿ ಗಟ್ಟಿಮುಟ್ಟಾಗಲೆಂದು ಮಾಡಿದ ಇಂಥ ದುರಸ್ತಿಯ ಫಲವನ್ನು ನಾವು ಕಂಡಿದ್ದೇವೆ. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಇಲ್ಲಿನ ಚಿತ್ರಗಳನ್ನು ಶುದ್ಧಿಗೊಳಿಸಿ ಸಂರಕ್ಷಿಸಿದ್ದು ಶ್ಲಾಘ್ಯವಾದ ಕಾರ್ಯ. ಆದರೆ ಮಾಡು, ನೀರುದಾರಿ, ಗಾರೆ ಇವು ಪರಂಪರೆಯ ಲೆಕ್ಕಕ್ಕೆ ಬಾರದಿದ್ದರೆ ಅಂಥ ಕಾರ್ಯವನ್ನು ಮತ್ತೆ ಮತ್ತೆ ಮಾಡಬೇಕಾದೀತು.

ಶಾಸನದ ಮೊರೆಹೊಕ್ಕರೆ ಆಗದೇ ಎಂದು ಕೇಳುವವರಿದ್ದಾರೆ. ಪ್ರಾಚೀನ ಸ್ಮಾರಕವೆನಿಸಲು ಕನಿಷ್ಠ 100 ವರ್ಷ ತುಂಬಿರಬೇಕೆಂಬುದು 1958ರ ಕೇಂದ್ರ ಶಾಸನದ ನಿಯಮ. ವಯಸ್ಸಿಗೇನೂ ಇಲ್ಲಿ ಕೊರತೆಯಿಲ್ಲ. ತೊಡಕಿರುವುದು ಬೇರೆಡೆ. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಗೊಳಪಟ್ಟ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಪಾಳುಬಿದ್ದ ಕೋಟೆಗೆ ಸಲ್ಲುವ ಈ ನಿಯಮ ನಡೆಯುತ್ತಿರುವ ವಿದ್ಯಾಲಯಕ್ಕೆ ಸಲ್ಲುವುದು ಕಷ್ಟ. 1880ರಲ್ಲಿ ಆರಂಭವಾಗಿ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಸಂಸ್ಥೆಗೆ ಕೋಣೆಗಳು ಬೇಕು, ಪ್ರಯೋಗಶಾಲೆಗಳು ಬೇಕು. ಅವನ್ನು ಕಟ್ಟಬೇಡಿರೆಂದು ದೂರದಲ್ಲಿ ಕುಳಿತ ನಾವು ಹೇಳುವುದು ಸುಲಭ, ಉಚಿತವಲ್ಲ. ಹಾಗೆಂದು ಎಲ್ಲವನ್ನೂ ಆಡಳಿತದವರ ಅಭಿರುಚಿಗೇ ಬಿಟ್ಟುಬಿಡುವುದೂ ಸರಿಯಲ್ಲ. ಮಂಗಳೂರಿನದನ್ನು ಹಿಡಿದು ಈ ನಾಡಿನ ಎಲ್ಲ ಹಳೆಯ ವಿದ್ಯಾಲಯಗಳ ಮುಂದಿರುವ ಪ್ರಶ್ನೆ ಇದೇ.

ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಕೂಡದು ಎಂದು ನಿರ್ಣಯಿಸಲು ಕಟ್ಟಡದಲ್ಲಿ ಏನೇನಿದೆಯೆಂಬ ದಾಖಲೆ ಮೊದಲು ಬೇಕು: ಅಂತಸ್ತು ಅಂತಸ್ತಿನ ಅಳತೆಯ ನಕ್ಷೆ, ಮಾಡಿನ ಮರಮುಟ್ಟುಗಳ ಪಟ್ಟಿ, ಗಾರೆಯ ಪದರಗಳ ಪರೀಕ್ಷೆ, ಪ್ರತಿಯೊಂದು ದುರಸ್ತಿಯ ಇಸವಿ. ಇದಕ್ಕೆ ಶಾಸನವೂ ಬೇಡ, ಹೆಚ್ಚಿನ ಹಣವೂ ಬೇಡ. ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಶಾಲೆಯೊಂದನ್ನು ಆರಿಸಿಕೊಂಡು, ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಗೋಡೆಗಳನ್ನು ಪರೀಕ್ಷಿಸಿ ಬರೆದಿಟ್ಟರೂ ಆರಂಭಕ್ಕೆ ಸಾಕು.