ಹಕಾರವನ್ನು ಕಳೆದವರು ಯಾರು? ಅಡಾಪ್ಟಿವ್ ಫಿಲ್ಟರುಗಳು ಮತ್ತು ಕೋಲಾರ ಸೀಮೆಯ ಕನ್ನಡದ ಧ್ವನಿಮುದ್ರಣಗಳು

‘ವಿಶ್ಲೇಷಣೆಗೆ ಮುನ್ನ ಧ್ವನಿಮುದ್ರಣಗಳಿಂದ ಹಿನ್ನೆಲೆಯ ಗದ್ದಲವನ್ನು ತೆಗೆಯಲಾಗಿದೆ’ ಎಂಬ ವಾಕ್ಯವು ಇಂದಿನ ಉಪಭಾಷಾ ಸಂಶೋಧನ ಪ್ರಬಂಧಗಳ ವಿಧಾನದ ಅಧ್ಯಾಯದಲ್ಲಿ ಸಹಜವಾಗಿ ಬಂದು ಕೂರುತ್ತದೆ. ಯಾವ ಕ್ರಮಾವಳಿಯಿಂದ ತೆಗೆಯಲಾಯಿತು, ಅದಕ್ಕೆ ಯಾವ ಬೆಲೆಗಳನ್ನು ಕೊಡಲಾಯಿತು, ತೆಗೆದದ್ದು ಗದ್ದಲವೇ ಎಂದು ಯಾರಾದರೂ ಕಿವಿಗೊಟ್ಟು ನೋಡಿದರೇ ಎಂಬ ವಿವರಗಳು ಅಲ್ಲಿ ಅಪರೂಪ. ಅನ್ಯರನ್ನು ಆಕ್ಷೇಪಿಸುವ ಮುನ್ನ ಹೇಳಿಬಿಡಬೇಕು: ನಮ್ಮ ಡಾಕ್ಟರೇಟ್ ಪ್ರಬಂಧದಲ್ಲಿಯೂ ಆ ವಾಕ್ಯವಿದೆ, ವಿವರಗಳಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ಆಡುನುಡಿಯ ಮಟ್ಟಿಗೆ ಈ ಮೌನವು ಸಣ್ಣ ಲೋಪವಲ್ಲ, ವಿವರಣೆಯ ಮೂಲ ದತ್ತವನ್ನೇ ಅದು ಸಂದೇಹಕ್ಕೆ ಗುರಿಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ವಾದದ ತಿರುಳು ಒಂದೇ ಧ್ವನಿಯಲ್ಲಿದೆ. ಹಳಗನ್ನಡದ ಪದಾದಿ ಪಕಾರವು ನಡುಗನ್ನಡದ ವೇಳೆಗೆ ಹಕಾರವಾಯಿತು: ಪಾಲು–ಹಾಲು, ಪತ್ತು–ಹತ್ತು. ಕೋಲಾರ ಸೀಮೆಯನ್ನೂ ಒಳಗೊಂಡು ಹಳೆಯ ಮೈಸೂರಿನ ಗ್ರಾಮೀಣ ಕನ್ನಡದಲ್ಲಿ ಈ ಹಕಾರವೂ ಸವೆದು ಆಲು, ಅತ್ತು ಎಂಬ ರೂಪಗಳು ಕೇಳಿಬರುತ್ತವೆ. ವಿಲಿಯಂ ಬ್ರೈಟ್ 1960ರಲ್ಲಿ ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ಹೋಲಿಸಿದಾಗ ಬ್ರಾಹ್ಮಣೇತರ ನುಡಿಯಲ್ಲಿನ ಈ ಹಕಾರಲೋಪವನ್ನು ಗುರುತಿಸಿದ್ದರು. ಅಂದಿನಿಂದ ಇದು ಕನ್ನಡದ ಸಾಮಾಜಿಕ ಭಾಷಾವಿಜ್ಞಾನದ ಅತ್ಯಂತ ಪರಿಚಿತ ಚರಾಂಶ. ಶಾಲೆ, ಜಾತಿ, ಲಿಂಗ, ವಯಸ್ಸು, ಬೆಂಗಳೂರಿನ ಸಂಪರ್ಕ ಇವೆಲ್ಲವೂ ಅದರ ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತವೆ. ಹಕಾರವನ್ನು ಕಳೆದುಕೊಂಡವರು ತಿದ್ದಿಕೊಳ್ಳುವ ಆತುರದಲ್ಲಿ ‘ಅಕ್ಕಿ’ಯನ್ನು ‘ಹಕ್ಕಿ’ ಮಾಡುವುದೂ ಉಂಟು. ಮುಳಬಾಗಿಲಿನ ಗಡಿಯ ಊರುಗಳ ದ್ವಿಭಾಷಿಕ ಮನೆಗಳಲ್ಲಂತೂ ಒಂದೇ ಲೋಟದ ಹಾಲು ತೆಲುಗಿನಲ್ಲಿ ‘ಪಾಲು’, ಕನ್ನಡದಲ್ಲಿ ‘ಹಾಲು’ ಅಥವಾ ‘ಆಲು’. ಈ ಬದಲಾವಣೆಯ ಮೊದಲ ಹಂತವೂ ಕೊನೆಯ ಹಂತವೂ ಒಬ್ಬರೇ ವ್ಯಕ್ತಿಯ ಬಾಯಲ್ಲಿ ಅಕ್ಕಪಕ್ಕದಲ್ಲಿ ಕೂತಿರುವ ಸೀಮೆ ಇದು.

ಭೌತಿಕವಾಗಿ ಹಕಾರವೆಂದರೇನು? ತೆರೆದ ಗಂಟಲಿನ ಮೂಲಕ ಹಾಯುವ ಉಸಿರಿನ ಕ್ಷೀಣ ಘರ್ಷ. ಅದಕ್ಕೆ ಪದಾದಿಯಲ್ಲಿ ನಾದವಿಲ್ಲ, ಆವರ್ತತೆಯಿಲ್ಲ, ಶಕ್ತಿಯೂ ಕಡಿಮೆ. ಅವಧಿ ಒಂದು ಸೆಕೆಂಡಿನ ಸಣ್ಣ ಅಂಶ. ಸಂಕೇತ ಸಂಸ್ಕರಣೆಯ ದೃಷ್ಟಿಯಿಂದ ಅದು ಗದ್ದಲವೇ. ಎಂದರೆ, ಗದ್ದಲವನ್ನು ತೆಗೆಯುವ ಸಾಧನಕ್ಕೆ ಮೊದಲು ಬಲಿಯಾಗುವ ಧ್ವನಿ ಕನ್ನಡದಲ್ಲಿ ಯಾವುದೆಂದು ಕೇಳಿದರೆ, ಸಾಮಾಜಿಕ ಅರ್ಥವನ್ನು ಅತಿ ಹೆಚ್ಚು ಹೊತ್ತಿರುವ ಈ ಧ್ವನಿಯೇ.

ಈಗ ಸಾಧನದತ್ತ ನೋಡೋಣ. ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್ 1960ರಲ್ಲಿ ರೂಪಿಸಿದ ಎಲ್‌ಎಂಎಸ್ ಕ್ರಮಾವಳಿ ಅಡಾಪ್ಟಿವ್ ಫಿಲ್ಟರುಗಳ ತಾಯಿಬೇರು. ವಿಡ್ರೋ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಗದ್ದಲ ನಿವಾರಣೆಯ ಲೇಖನವು ಅದನ್ನು ನಮಗೆ ಬೇಕಾದ ರೂಪಕ್ಕೆ ತಂದಿತು. ವ್ಯವಸ್ಥೆ ಸರಳ. ಮುಖ್ಯ ಮೈಕಿನಲ್ಲಿ ಮಾತೂ ಗದ್ದಲವೂ ಕೂಡಿ ಬರುತ್ತವೆ. ಗದ್ದಲದ ಮೂಲದ ಬಳಿ ಇಟ್ಟ ಇನ್ನೊಂದು ಮೈಕು, ಅಂದರೆ ಉಲ್ಲೇಖ ಮೈಕು, ಗದ್ದಲವನ್ನು ಮಾತ್ರ ಹಿಡಿಯಬೇಕು. ಫಿಲ್ಟರು ಈ ಉಲ್ಲೇಖವನ್ನು ತಿದ್ದಿ ಮುಖ್ಯ ಸಂಕೇತದಿಂದ ಕಳೆಯುತ್ತದೆ. ಉಳಿದದ್ದೇ ‘ದೋಷ’. ಪ್ರತಿ ಮಾದರಿಗೂ ಆ ದೋಷವನ್ನು ಉಲ್ಲೇಖದಿಂದ ಗುಣಿಸಿ, ಒಂದು ಸಣ್ಣ ಹೆಜ್ಜೆಯ ಗಾತ್ರದಿಂದ ಮತ್ತೆ ಗುಣಿಸಿ, ಬಂದದ್ದನ್ನು ಫಿಲ್ಟರಿನ ತೂಕಗಳಿಗೆ ಸೇರಿಸಲಾಗುತ್ತದೆ. ಹೀಗೆ ತೂಕಗಳು ದೋಷದ ಸರಾಸರಿ ಶಕ್ತಿಯನ್ನು ತಗ್ಗಿಸುವ ಕಡೆಗೆ ಜಾರುತ್ತವೆ. ನಮಗೆ ಬೇಕಾದ ಮಾತು ಈ ‘ದೋಷ’ದಲ್ಲಿಯೇ ಇರುತ್ತದೆಂಬ ವಿಚಿತ್ರವನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು. ಎನ್‌ಎಲ್‌ಎಂಎಸ್, ಆರ್‌ಎಲ್‌ಎಸ್ ಮೊದಲಾದವು ಒಮ್ಮುಖವಾಗುವ ವೇಗದಲ್ಲಿ ಭಿನ್ನವಾದರೂ ಊಹೆ ಒಂದೇ: ಉಲ್ಲೇಖವು ಗದ್ದಲದೊಂದಿಗೆ ಸಂಬಂಧ ಹೊಂದಿರಬೇಕು, ಮಾತಿನೊಂದಿಗೆ ಹೊಂದಿರಬಾರದು.

1975ರ ಲೇಖನದ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಉಲ್ಲೇಖದೊಳಗೆ ಮಾತು ಸೋರಿದರೆ ಏನಾಗುತ್ತದೆಂಬುದನ್ನು ಲೇಖಕರೇ ಲೆಕ್ಕ ಹಾಕಿ ತೋರಿಸಿದ್ದಾರೆ. ಆದರ್ಶ ಸ್ಥಿತಿಯಲ್ಲಿ, ಪ್ರತಿ ಆವೃತ್ತಿಯಲ್ಲಿಯೂ ಹೊರಬರುವ ಸಂಕೇತ–ಗದ್ದಲ ಅನುಪಾತವು ಉಲ್ಲೇಖದಲ್ಲಿನ ಅದೇ ಅನುಪಾತದ ವ್ಯುತ್ಕ್ರಮ. ಉಲ್ಲೇಖದಲ್ಲಿ ಮಾತು ಹೆಚ್ಚಿದಷ್ಟೂ ಫಲಿತಾಂಶದಲ್ಲಿ ಮಾತು ಕೆಡುತ್ತದೆ. ಅದೇ ಲೇಖನದ ಇನ್ನೊಂದು ಪ್ರಯೋಗದಲ್ಲಿ ಭ್ರೂಣದ ಹೃದಯಬಡಿತವನ್ನು ಕೇಳುವುದಕ್ಕಾಗಿ ತಾಯಿಯ ಹೃದಯಬಡಿತವನ್ನು ಗದ್ದಲವೆಂದು ಕಳೆಯಲಾಗಿದೆ. ಯಾವುದು ಗದ್ದಲವೆಂಬುದನ್ನು ಭೌತವಿಜ್ಞಾನ ಹೇಳುವುದಿಲ್ಲ, ಕೇಳುವವರ ಪ್ರಯೋಜನ ಹೇಳುತ್ತದೆ. ಕೋಲಾರದ ಕೃಷಿ ಮಾರುಕಟ್ಟೆಯಲ್ಲಿ ಟೊಮೊಟೊ ಹರಾಜು ಕೂಗುವವರ ಕನ್ನಡ–ತೆಲುಗು ಬೆರೆತ ದನಿಯು ರೈತರೊಬ್ಬರ ಪ್ರಶ್ನೆಯನ್ನು ಗುರುತಿಸಬೇಕಾದ ಎಂಜಿನಿಯರಿಗೆ ಗದ್ದಲ. ನಮಗೆ ಅದೇ ಒಂದು ಅಧ್ಯಾಯದ ಸಾಮಗ್ರಿ.

ಶ್ರೀನಿವಾಸಪುರದ ಕಡೆಯ ಒಂದು ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಯಲ್ಲಿ ನಾವು ಎರಡು ಮೈಕುಗಳ ಈ ವ್ಯವಸ್ಥೆಯನ್ನೇ ಬಳಸಿದ್ದೆವು. ಯಂತ್ರದ ಕಡೆಗೆ ಒಂದು, ಮಾತಾಡುತ್ತಿದ್ದ ಹಿರಿಯರ ಕಡೆಗೆ ಒಂದು. ತಗಡಿನ ಮಾಡಿನ ಕೆಳಗೆ ಮಾತು ಗೋಡೆಗೆ ಬಡಿದು ಎರಡಕ್ಕೂ ಹೋಗುತ್ತದೆಂಬ ಸಾಮಾನ್ಯ ಜ್ಞಾನ ಅಂದು ನಮಗೆ ಹೊಳೆಯಲಿಲ್ಲ. ಶುದ್ಧೀಕರಿಸಿದ ಮುದ್ರಣ ಕಿವಿಗೆ ಹಿತವಾಗಿತ್ತು. ‘ಆಲು’, ‘ಅಣ್ಣು’, ‘ಅಳ್ಳಿ’ ಎಂದು ಲಿಪ್ಯಂತರ ಮಾಡಿದೆವು. ಬಹುಕಾಲದ ನಂತರ ಮೂಲ ಕಡತವನ್ನು ಮತ್ತೆ ಕೇಳಿದಾಗ ಆ ಪದಗಳಲ್ಲಿ ಕೆಲವಕ್ಕೆ ಯಂತ್ರದ ಸದ್ದಿನ ನಡುವೆ ತೆಳುವಾದ, ಆದರೆ ಸಂಶಯವಿಲ್ಲದ ಹಕಾರವಿತ್ತು. ಆ ಹಿರಿಯರು ಹಕಾರವನ್ನು ಬಿಟ್ಟಿರಲಿಲ್ಲ. ನಮ್ಮ ಫಿಲ್ಟರು ಬಿಡಿಸಿತ್ತು.

ಒಂದೇ ಮೈಕಿನ ವಿಧಾನಗಳಲ್ಲಿ ಅಪಾಯದ ಸ್ವರೂಪ ಬೇರೆ. ಸ್ಟೀವನ್ ಬೋಲ್ 1979ರಲ್ಲಿ ಮಂಡಿಸಿದ ರೋಹಿತ ವ್ಯವಕಲನದಲ್ಲಿ ಮಾತಿಲ್ಲದ ಎಡೆಗಳಿಂದ ಗದ್ದಲದ ಅಂದಾಜು ಮಾಡಿ ಇಡೀ ಮುದ್ರಣದಿಂದ ಕಳೆಯಲಾಗುತ್ತದೆ. ‘ಮಾತಿಲ್ಲದ ಎಡೆ’ ಯಾವುದೆಂದು ತೀರ್ಮಾನಿಸುವುದು ಶಕ್ತಿಯನ್ನು ಅಳೆಯುವ ಒಂದು ಪತ್ತೆಕಾರಕ. ಉಕ್ತಿಯ ಮೊದಲಲ್ಲಿರುವ ಅಘೋಷ ಹಕಾರವನ್ನು ಅದು ಮೌನದ ಲೆಕ್ಕಕ್ಕೆ ಹಾಕುವ ಸಂಭವ ಹೆಚ್ಚು. ಆಗ ಹಕಾರ ಅಳಿಯುವುದಷ್ಟೇ ಅಲ್ಲ, ಗದ್ದಲದ ಮಾದರಿಯೊಳಗೇ ಸೇರಿ ಮುಂದಿನ ಹಕಾರಗಳನ್ನೂ ಅಳಿಸಲು ನೆರವಾಗುತ್ತದೆ.

ಕನ್ನಡದಲ್ಲಿ ಈ ದಿಕ್ಕಿನ ಗಣನೀಯ ಕೆಲಸ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯಿಂದ ಬಂದಿದೆ. ತಿಮ್ಮರಾಜ ಯಾದವ ಮತ್ತು ಜಯಣ್ಣ ಅವರು ಕೃಷಿ ಉತ್ಪನ್ನಗಳ ಧಾರಣೆ ಹಾಗೂ ಹವಾಮಾನದ ಮಾಹಿತಿಯನ್ನು ಫೋನಿನಲ್ಲಿ ಕನ್ನಡದಲ್ಲಿಯೇ ಕೇಳಿ ಪಡೆಯುವ ವ್ಯವಸ್ಥೆಯನ್ನು 2017ರಲ್ಲಿ ವಿವರಿಸಿದರು. ಅನಂತರದ ಲೇಖನದಲ್ಲಿ ರೋಹಿತ ವ್ಯವಕಲನವನ್ನೂ ಕನಿಷ್ಠ ವರ್ಗದೋಷದ ಅಂದಾಜನ್ನೂ ಕೂಡಿಸಿ ಗದ್ದಲ ನಿವಾರಣೆಯನ್ನು ಸೇರಿಸಿದರು. ರೈತರಿಂದ, ನೈಜ ಪರಿಸರದಲ್ಲಿ ಧ್ವನಿಯನ್ನು ಸಂಗ್ರಹಿಸಿದ ಈ ಕೆಲಸವನ್ನು ಭಾಷಾವಿಜ್ಞಾನ ವಿಭಾಗಗಳು ಓದಬೇಕಾದಷ್ಟು ಓದಿಲ್ಲ. ಅದರ ಗುರಿ ಪದವನ್ನು ಗುರುತಿಸುವುದು. ‘ಹುರುಳಿ’ ಎಂದರೂ ‘ಉರುಳಿ’ ಎಂದರೂ ಧಾರಣೆ ಒಂದೇ, ಆದ್ದರಿಂದ ಅಲ್ಲಿ ಹಕಾರ ಹೋದರೆ ನಷ್ಟವಿಲ್ಲ. ಆ ಪ್ರಯೋಜನಕ್ಕೆ ಆ ವಿಧಾನ ಸಲ್ಲುತ್ತದೆ. ನಮ್ಮ ಆಕ್ಷೇಪವಿರುವುದು ಪದ ಗುರುತಿಸಲು ಒಗ್ಗಿದ ಸಾಧನವನ್ನು ಪರೀಕ್ಷಿಸದೆ ಉಪಭಾಷಾ ವಿವರಣೆಗೆ ಎರವಲು ತರುವ ನಮ್ಮ ಶಿಸ್ತಿನ ಸೋಮಾರಿತನದ ಮೇಲೆ.

ಸಾಧನದ ಗುಣವನ್ನು ಸಾರುವ ಅಂಕಿಗಳೂ ಇಲ್ಲಿ ನೆರವಿಗೆ ಬಾರವು. 2001ರ ಪಿಇಎಸ್‌ಕ್ಯು ದೂರವಾಣಿ ಧ್ವನಿಯ ಗುಣಮಟ್ಟಕ್ಕಾಗಿ ಹುಟ್ಟಿದ ಮಾನದಂಡ. ಗ್ರಾಹ್ಯತೆಯನ್ನು ಅಳೆಯುವ ಎಸ್‌ಟಿಒಐ 384 ಮಿಲಿಸೆಕೆಂಡಿನ ತುಂಡುಗಳಲ್ಲಿ ಹೋಲಿಕೆಯನ್ನು ಲೆಕ್ಕ ಹಾಕಿ ಸರಾಸರಿ ತೆಗೆಯುತ್ತದೆ. ಅಷ್ಟು ಉದ್ದದ ತುಂಡಿನೊಳಗೆ ಒಂದು ಹಕಾರ ಇದ್ದರೂ ಇಲ್ಲದಿದ್ದರೂ ಅಂಕ ಅಲುಗುವುದು ಅತ್ಯಲ್ಪ. ಹೆಚ್ಚಿನ ಅಂಕ ಪಡೆದ ಮುದ್ರಣದಲ್ಲಿ ಒಂದು ತಾಲೂಕಿನ ಹಕಾರಗಳೆಲ್ಲ ಮಾಯವಾಗಿರಬಹುದು.

ಹಾಗಾದರೆ ಬಾಯಿ ಬಿಟ್ಟ ಹಕಾರವನ್ನೂ ಫಿಲ್ಟರು ಬಿಡಿಸಿದ ಹಕಾರವನ್ನೂ ಬೇರ್ಪಡಿಸುವ ಬಗೆ ಇದೆಯೇ? ಭಾಗಶಃ ಇದೆ, ಅದು ಕನ್ನಡದ ಧ್ವನಿರಚನೆಯಿಂದಲೇ ಒದಗುತ್ತದೆ. ಕನ್ನಡದಲ್ಲಿ ಪದಾದಿಯ ಇ, ಎ ಸ್ವರಗಳ ಮುಂದೆ ಯಕಾರದ, ಉ, ಒ ಸ್ವರಗಳ ಮುಂದೆ ವಕಾರದ ಶ್ರುತಿ ಸೇರುವುದು ಸಾಮಾನ್ಯ. ಹಕಾರವನ್ನು ನಿಜವಾಗಿ ಬಿಟ್ಟವರ ನುಡಿಯಲ್ಲಿ ಪದವು ಸ್ವರಾದಿಯಾಗುವುದರಿಂದ ಈ ಶ್ರುತಿ ಬರುತ್ತದೆ: ಹೆಸರು ‘ಯೆಸ್ರು’, ಹೊಲ ‘ವೊಲ’, ಹೋಗು ‘ವೋಗು’. ಫಿಲ್ಟರು ಇದ್ದದ್ದನ್ನು ಕಳೆಯಬಲ್ಲದು; ಇಲ್ಲದ ಯಕಾರವನ್ನು ಹುಟ್ಟಿಸಲಾರದು. ಆದ್ದರಿಂದ ರೋಹಿತಚಿತ್ರದಲ್ಲಿ ‘ವೊಲ’ದ ಆರಂಭದ ಸಂಕ್ರಮಣ ಕಂಡರೆ ಲೋಪವು ಮಾತಾಡಿದವರದೇ. ಶ್ರುತಿಯಿಲ್ಲದೆ, ಸ್ವರದ ಮೊದಲ ಕೆಲವು ಆವರ್ತಗಳು ಉಸಿರಾಡುತ್ತಿರುವಂತೆ ಸಡಿಲವಾಗಿದ್ದರೆ ಸಾಧನವನ್ನು ಅನುಮಾನಿಸಬೇಕು. ಶ್ರುತಿ ಎಲ್ಲರಲ್ಲಿಯೂ ಎಲ್ಲ ಸಂದರ್ಭದಲ್ಲಿಯೂ ಬರುವುದಿಲ್ಲವಾದ್ದರಿಂದ ಅದರ ಅಭಾವವು ಸೂಚನೆ ಮಾತ್ರ, ಸಾಕ್ಷ್ಯವಲ್ಲ. ಕೆಡುಕೆಂದರೆ, ಅಕಾರ–ಆಕಾರಗಳ ಮುಂದೆ ಯಾವ ಶ್ರುತಿಯೂ ಬಾರದು. ಹಾಲು, ಹಣ್ಣು, ಹಳ್ಳಿ, ಹತ್ತು, ಹಸು ಎಂದು ನಾವು ಪ್ರಶ್ನಾವಳಿಗಳಲ್ಲಿ ತುಂಬಿಕೊಂಡಿರುವ ಪದಗಳು ಬಹುಪಾಲು ಈ ಅರಕ್ಷಿತ ಗುಂಪಿಗೇ ಸೇರಿದವು.

ಸ್ವರದ ಸಡಿಲತೆಯನ್ನು ಅಳೆಯಲು ಮೊದಲ ಎರಡು ಹರಾತ್ಮಕಗಳ ಅಂತರವನ್ನು ನಂಬೋಣವೆಂದರೆ ಅಲ್ಲಿ ವಿದ್ಯುತ್ತಿನ ಗುಂಯ್‌ಗುಡುವಿಕೆ ಅಡ್ಡ ಬರುತ್ತದೆ. ಕೊಳವೆಬಾವಿಯ ಮೋಟಾರು, ರೀಲಿಂಗ್ ಯಂತ್ರ, ಮಾಲೂರಿನ ಹೆಂಚು ಮತ್ತು ಇಟ್ಟಿಗೆಯ ಕಾರ್ಖಾನೆಗಳ ಆವರಣ ಎಲ್ಲೆಡೆ 50 ಹರ್ಟ್ಸಿನ ಸದ್ದೂ ಅದರ 100, 150, 200ರ ಗುಣಕಗಳೂ ಕೂಡಿರುತ್ತವೆ. ಜಾಲದ ಆವೃತ್ತಿ 49.90ರಿಂದ 50.05ರ ನಡುವೆ ತೂಗಾಡುವುದಕ್ಕೆ ನಿಯಮದಲ್ಲಿಯೇ ಅವಕಾಶವಿರುವುದರಿಂದ, ಅದನ್ನು ಬೆನ್ನಟ್ಟುವ ಅಡಾಪ್ಟಿವ್ ನಾಚ್ ಫಿಲ್ಟರು ಯೋಗ್ಯ ಆಯ್ಕೆಯೇ. ಆದರೆ ನಾಚಿನ ಅಗಲವು ಹೆಜ್ಜೆಯ ಗಾತ್ರಕ್ಕೆ ಅನುಪಾತದಲ್ಲಿರುತ್ತದೆ. ಅಗಲ 1 ಹರ್ಟ್ಸ್ ಇದ್ದರೆ ಫಿಲ್ಟರು ಹೊಂದಿಕೊಳ್ಳಲು ಸುಮಾರು 0.3 ಸೆಕೆಂಡು ಬೇಕು, ಒಂದು ದೀರ್ಘ ಸ್ವರ ಅಷ್ಟರಲ್ಲಿ ಮುಗಿದಿರುತ್ತದೆ. ಅವಸರಕ್ಕೆ ಅಗಲವನ್ನು 10 ಹರ್ಟ್ಸಿಗೆ ಏರಿಸಿದರೆ ಸುಮಾರು 30 ಮಿಲಿಸೆಕೆಂಡು ಸಾಕು. ಆಗ 200 ಹರ್ಟ್ಸಿನ ಆಸುಪಾಸಿನಲ್ಲಿ ಮಾತಾಡುವ ಮಹಿಳೆಯ ದೀರ್ಘ ಆಕಾರದ ಮೊದಲ ಹರಾತ್ಮಕವನ್ನೇ ಅದು ಗುಂಯ್‌ಗುಡುವಿಕೆಯೆಂದು ತಿಳಿದು ತಿಂದುಬಿಡುತ್ತದೆ. ಹಕಾರದ ಕುರುಹನ್ನು ಹೇಳಬೇಕಾಗಿದ್ದ ಅಳತೆ ಹೀಗೆ ಹೆಂಗಸರಲ್ಲಿ ಒಂದು ರೀತಿ, ಗಂಡಸರಲ್ಲಿ ಇನ್ನೊಂದು ರೀತಿ ಕೆಡುತ್ತದೆ. ಅನಂತರ ನಾವು ಅದನ್ನು ‘ಲಿಂಗಾಧಾರಿತ ಭೇದ’ ಎಂದು ಕೋಷ್ಟಕಕ್ಕೆ ಏರಿಸುತ್ತೇವೆ.

ಫೋನಿನಲ್ಲಿ ಮುದ್ರಿಸಿಕೊಂಡು ಬರುವ ಇಂದಿನ ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಇಕ್ಕಟ್ಟಿನದು. ಹಲವು ಫೋನುಗಳಲ್ಲಿ ಎರಡನೆಯ ಮೈಕು ಇರುವುದೇ ಗದ್ದಲ ನಿವಾರಣೆಗಾಗಿ, ಆ ಸಂಸ್ಕರಣೆ ಕಡತ ಹುಟ್ಟುವ ಮೊದಲೇ ನಡೆದಿರಬಹುದು. ‘ನಾವು ಏನನ್ನೂ ತೆಗೆದಿಲ್ಲ ಸಾರ್’ ಎಂಬ ಉತ್ತರ ಪ್ರಾಮಾಣಿಕವಾಗಿಯೇ ಇರುತ್ತದೆ. ಹೋಲಿಕೆಗೆ ಹಳೆಯ ವಿವರಣೆಗಳತ್ತ ತಿರುಗಿದರೆ ಈ ಸೀಮೆಗೆ ಆಧಾರವೂ ತೆಳು: ಯು. ಪಿ. ಉಪಾಧ್ಯಾಯರ 1976ರ ತೌಲನಿಕ ಅಧ್ಯಯನ ಆಯ್ದುಕೊಂಡದ್ದು ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡುಗಳನ್ನು. ಡಿವಿಜಿಯವರ ಮುಳಬಾಗಿಲೂ ಮಾಸ್ತಿಯವರ ಮಾಲೂರು ಸೀಮೆಯೂ ಬರಹದಲ್ಲಿ ಶ್ರೀಮಂತ, ಧ್ವನಿಯ ದಾಖಲೆಯಲ್ಲಿ ಬಡ. ಈಗ ಸಂಗ್ರಹವಾಗುತ್ತಿರುವುದೇ ಮುಂದಿನವರಿಗೆ ಮೂಲವಾಗಲಿದೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಕಚ್ಚಾ ಕಡತವನ್ನು ಸಂಪೀಡಿಸದೆ ಉಳಿಸಿ, ಶುದ್ಧೀಕರಿಸಿದ ಪ್ರತಿಯನ್ನು ಕೇಳಲು ಮಾತ್ರ ಬಳಸಿ, ಅಳತೆಯನ್ನು ಕಚ್ಚಾ ಪ್ರತಿಯಲ್ಲಿಯೇ ಮಾಡಬೇಕು. ಕ್ರಮಾವಳಿಯ ಹೆಸರು, ಹೆಜ್ಜೆಯ ಗಾತ್ರ, ತೂಕಗಳ ಸಂಖ್ಯೆ, ಉಲ್ಲೇಖ ಮೈಕು ಇದ್ದ ದೂರ ಇವನ್ನು ಮಾತಾಡಿದವರ ವಯಸ್ಸು, ಊರುಗಳಂತೆಯೇ ದಾಖಲಿಸಬೇಕು. ಪ್ರಶ್ನಾವಳಿಯಲ್ಲಿ ಹಾಲು, ಹಣ್ಣುಗಳ ಜೊತೆಗೆ ಹೆಸರು, ಹೊಲ, ಹಿಟ್ಟುಗಳನ್ನು ಸಮನಾಗಿ ಸೇರಿಸಬೇಕು. ಫಿಲ್ಟರಿನ ಮೇಲೆ ನಂಬಿಕೆ ಇರುವವರು, ಹಕಾರವನ್ನು ಸ್ಪಷ್ಟವಾಗಿ ನುಡಿಯುವವರ ನಿಶ್ಶಬ್ದ ಮುದ್ರಣಕ್ಕೆ ಅದೇ ಊರಿನ ಯಂತ್ರದ ಸದ್ದನ್ನು ಬೆರೆಸಿ, ಅದೇ ಫಿಲ್ಟರಿನಲ್ಲಿ ಹಾಯಿಸಿ, ಎಷ್ಟು ಹಕಾರ ಬದುಕಿತೆಂದು ಮೊದಲು ಎಣಿಸಿ ತೋರಿಸಲಿ.

ನಮ್ಮ ಪ್ರಬಂಧದ ಹಕಾರದ ಕೋಷ್ಟಕವನ್ನು ಈ ಕ್ರಮದಲ್ಲಿ ಮರುಪರಿಶೀಲಿಸುತ್ತಿದ್ದೇವೆ. ಎಕಾರ, ಒಕಾರಗಳ ಸಾಲುಗಳು ಬಹುತೇಕ ನಿಂತಿವೆ. ಆಕಾರದ ಸಾಲುಗಳಲ್ಲಿ, ಮೂಲ ಕಡತಗಳನ್ನು ಉಳಿಸಿಕೊಳ್ಳದ ಮುದ್ರಣಗಳಿಗೆ ಸೇರಿದವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ.