ಮೊದಲು ತೋಟಾದ ಮೂತಿ ನೋಡಿ

ತಿಪಟೂರಿನಲ್ಲಿ ರೈಲು ಹತ್ತಿದರೆ ಮುಂದಿನ ದೊಡ್ಡ ನಿಲ್ದಾಣ ಅರಸೀಕೆರೆ. ಅಲ್ಲಿನ ನಾಗ್ವಾರ ಗುಡ್ಡದ ಕರಡಿಯೊಂದರ ಕತೆ ಬೇಟೆಗಾರ ಕೆನೆತ್ ಆಂಡರ್ಸನ್‌ನ 1957ರ ಪುಸ್ತಕದಲ್ಲಿದೆ. ಕಡಲೆಕಾಯಿ ಹೊಲ, ಅತ್ತಿಮರ, ಕುರುಚಲು ಗುಡ್ಡ: ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹೊಸದೇನಿಲ್ಲ. ಹೊಸದೆಂದರೆ ಆಂಡರ್ಸನ್ ನೆಚ್ಚಿಕೊಂಡಿದ್ದ ಕೋವಿ. ಆತನನ್ನು ಕನ್ನಡಕ್ಕೆ ತಂದ ತೇಜಸ್ವಿಯವರ 'ಕಾಡಿನ ಕತೆಗಳು' ಓದಿ ಬೆಳೆದವರೂ '.405 ವಿಂಚೆಸ್ಟರ್' ಎಂದೊಡನೆ ಮುಂದಿನ ಸಾಲಿಗೆ ಹಾರುತ್ತಾರೆ. ಹಾರಬೇಡಿ, ಅರ್ಧ ರುಚಿ ಅಲ್ಲೇ ಇದೆ.

ನಮ್ಮ ಕಡೆಯ ಒಂಟಿನಳಿಗೆ, ಜೋಡುನಳಿಗೆಗಳನ್ನು ಹೊಡೆದ ಮೇಲೆ ಮುರಿದು ಮತ್ತೆ ತುಂಬಬೇಕು. ವಿಂಚೆಸ್ಟರ್‌ನಲ್ಲಿ ಕುದುರೆಯ ಸುತ್ತಲಿನ ಕಬ್ಬಿಣದ ಬಳೆಯೇ ಸನ್ನೆ. ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಕ್ಕೆ, ಮೇಲಕ್ಕೆಳೆದರೆ ಹೊಸದು ನಳಿಗೆಯೊಳಕ್ಕೆ. ಕೋವಿಯನ್ನು ಹೆಗಲಿನಿಂದ ಇಳಿಸುವ ಕೆಲಸವೇ ಇಲ್ಲ.

ಆದರೆ ರಸಿಕರಾಗಬೇಕಿದ್ದರೆ ಸನ್ನೆಗೆ ಮರುಳಾಗದೆ ತೋಟಾದ ಮೂತಿ ನೋಡಿ. ಸಿನಿಮಾದ ಕೌಬಾಯ್‌ಗಳ 1873ರ ವಿಂಚೆಸ್ಟರ್‌ನಲ್ಲಿ ತೋಟಾಗಳು ನಳಿಗೆಯಡಿಯ ಕೊಳವೆಯೊಳಗೆ ಒಂದರ ಹಿಂದೊಂದು ಮಲಗುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡೇ ಇರುತ್ತದೆ. ಮೂತಿ ಚೂಪಾಗಿದ್ದರೆ, ಕೋವಿ ಒದೆಯುವಾಗ ಕೇಪು ಸಿಡಿದು ಕೊಳವೆಯೇ ಹಾರಬಹುದು. ಹಾಗಾಗಿ ಚಪ್ಪಟೆ ಮೂತಿ. ಅದು ಗಾಳಿಯಲ್ಲಿ ಬೇಗ ಸೊರಗುತ್ತದೆ. ಆಗಿನ .44-40 ತೋಟಾದಲ್ಲಿ ಕರಿಮದ್ದು. ಹೊಡೆದವನ ಮುಂದೆಲ್ಲ ಹೊಗೆ. ಹೊಗೆಯಿಲ್ಲದ ಮದ್ದಿನ .30-30 ಬಂದದ್ದು 1895ರಲ್ಲಿ.

ಅದೇ ವರ್ಷದ ವಿಂಚೆಸ್ಟರ್ ಮಾದರಿಯಲ್ಲಿ ಅದರ ವಿನ್ಯಾಸಕ ಜಾನ್ ಬ್ರೌನಿಂಗ್ ಕೊಳವೆಯನ್ನೇ ತೆಗೆದುಹಾಕಿದ. ಕುದುರೆಯ ಮುಂದೆ ಪೆಟ್ಟಿಗೆ ಇಟ್ಟು ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದ; ಮೂತಿ ಕೇಪಿಗೆ ತಾಗುವ ಭಯ ಹೋಯಿತು. ಕೋವಿಗೆ ಹೊಟ್ಟೆ ಬಂತು. ಚೆಲುವು ಸ್ವಲ್ಪ ಹೋಯಿತೆಂದೇ ನನ್ನ ತಕರಾರು. ಮೊದಲನೆಯ ಮಹಾಯುದ್ಧದಲ್ಲಿ ರಷ್ಯದ ಸೈನ್ಯ ಇಂಥ ಸುಮಾರು 3 ಲಕ್ಷ ಕೋವಿಗಳನ್ನು ತನ್ನದೇ 7.62 ಮಿ.ಮೀ. ತೋಟಾಕ್ಕೆ ಹೊಂದುವಂತೆ ಕೊಂಡಿತು.

ಈ ಮಾದರಿಗೆ ಆಂಡರ್ಸನ್‌ನ .405 ತೋಟಾ ಬಂದದ್ದು 1904ರಲ್ಲಿ. 19 ಗ್ರಾಂ ದಾಟುವ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ, ಹೆಗಲಿಗೆ ಜೋರಾದ ಒದೆತ. 1909ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕದ ಸಿಂಹಗಳಿಗೆಂದು ಒಯ್ದದ್ದು ಇದನ್ನೇ. ತಮಾಷೆಯೆಂದರೆ ಚೂಪು ಮೂತಿಗೆ ಜಾಗ ಕೊಟ್ಟ ಪೆಟ್ಟಿಗೆಯಲ್ಲಿ ಈ ತೋಟಾದ ಮೂತಿ ಮತ್ತೆ ಮೊಂಡು. ಪೊದೆಯಂಚಿನಲ್ಲಿ, ಹತ್ತಿರದಿಂದ ಹೊಡೆಯುವವನಿಗೆ ಬೇಕಾದದ್ದು ದೂರವಲ್ಲ, ತೂಕ.

ಇನ್ನು ಆಂಡರ್ಸನ್ ಓದುವಾಗ ಗುಂಡು ಎಣಿಸುತ್ತಾ ಹೋಗಿ. ಪೆಟ್ಟಿಗೆಯಲ್ಲಿ 4, ನಳಿಗೆಯಲ್ಲಿ 1. ಕತ್ತಲಲ್ಲಿ ಆತ ಸನ್ನೆ ಎಳೆದಾಗಲೆಲ್ಲ ಒಂದನ್ನು ಕಳೆಯಿರಿ.